ದೊಡ್ಡ ಟೈರಿಗೂ ಮುಂಚೆ ಸ್ಟೇರಿಂಗ್: ಎತ್ತಿದ ಜೀಪಿಗೆ 14 ಸೂತ್ರಗಳು

ಪಡುವಣಕ್ಕೆ ಹಾನಗಲ್ಲಿನ ಭತ್ತದ ಗದ್ದೆ, ಮೂಡಣಕ್ಕೆ ಸವಣೂರಿನ ಎರೆ ಹೊಲ, ತೆಂಕಣಕ್ಕೆ ಹಿರೇಕೆರೂರಿನ ಗುಡ್ಡ, ಕೆರೆ, ಕಲ್ಲು ದಾರಿ. ನಡುವೆ ಶಿಗ್ಗಾವಿ, ಬಂಕಾಪುರದ ಪಕ್ಕದಲ್ಲೇ ಹಾಯುವ ರಾಷ್ಟ್ರೀಯ ಹೆದ್ದಾರಿ 48. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಜೀಪು, ಥಾರ್, ಜಿಮ್ನಿ ಇಟ್ಟುಕೊಂಡವರಿಗೆ ಗಾಡಿ ಎತ್ತರಿಸಲು, ದಪ್ಪ ಟೈರು ಹಾಕಿಸಲು ನೆಪ ಹುಡುಕಬೇಕಾಗಿಲ್ಲ. ಮುಂಗಾರು ಹಿಡಿದರೆ ಹೊಲದ ದಾರಿಯೇ ನೆಪ.

ರಾಡಿಯಲ್ಲಿ ದೊಡ್ಡ ಟೈರು ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ರಾಡಿಯಲ್ಲಿ ಗಾಡಿ ಗಂಟೆಗೆ ಹತ್ತು ಕಿಲೋಮೀಟರ್ ಓಡಿದರೆ ಹೆಚ್ಚು. ಅಲ್ಲಿ ಸ್ಟೇರಿಂಗ್ ಎಷ್ಟು ಸಡಿಲವಿದ್ದರೂ ನಡೆದುಹೋಗುತ್ತದೆ. ಅದೇ ಗಾಡಿ ಸಂಜೆ ಹೆದ್ದಾರಿಗೆ ಏರಿ ಹುಬ್ಬಳ್ಳಿ ಕಡೆ 80ರಲ್ಲಿ ಓಡುವಾಗ, ಮಗ್ಗುಲಲ್ಲಿ ಲಾರಿ ಹಾಯುವಾಗ, ಎತ್ತರಿಸಿದವರ ಕೈಚಳಕ ಬಯಲಾಗುತ್ತದೆ. ಖರ್ಚಿನ ಪಟ್ಟಿಯಲ್ಲಿ ಟೈರು ಮೊದಲು, ರಿಮ್ಮು ಎರಡನೆಯದು, ದುಡ್ಡು ಉಳಿದರೆ ಸ್ಟೇರಿಂಗ್ ಎನ್ನುವುದು ವಾಡಿಕೆ. ಆ ಪಟ್ಟಿಯನ್ನು ತಲೆಕೆಳಗು ಮಾಡಿ.

1. ಮುಂದಿನ ಆಕ್ಸಲ್ ಯಾವ ಜಾತಿಯದು, ಮೊದಲು ತಿಳಿಯಿರಿ

ಮಹೀಂದ್ರ ಎಂಎಂ 540, ಹಳೆಯ ಥಾರ್ ಡಿಐ, ಮಾರುತಿ ಜಿಪ್ಸಿ ಒಂದು ಗುಂಪು. ಇವುಗಳಲ್ಲಿ ಎರಡೂ ಮುಂಗಾಲಿಗಳನ್ನು ಜೋಡಿಸುವ ಅಖಂಡ ಆಕ್ಸಲ್, ಕೆಳಗೆ ಪ್ಲೇಟ್ ಸ್ಪ್ರಿಂಗ್, ಮೇಲೆ ಸ್ಟೇರಿಂಗ್ ಬಾಕ್ಸ್. 2010ರಲ್ಲಿ ಬಂದ ಥಾರ್ ಸಿಆರ್‌ಡಿಇಯಲ್ಲಿ ಮುಂದಿನ ಎರಡು ಗಾಲಿಗಳೂ ಸ್ವತಂತ್ರ, ಟಾರ್ಷನ್ ಬಾರ್ ಮೇಲೆ ನಿಂತಿವೆ. 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂದ ಹೊಸ ಥಾರ್‌ನಲ್ಲೂ ಮುಂದೆ ಸ್ವತಂತ್ರ ಸಸ್ಪೆನ್ಷನ್ನೇ. ಆದರೆ ಕಾಯಿಲ್ ಸ್ಪ್ರಿಂಗ್; ಸಿಆರ್‌ಡಿಇಯಂತೆಯೇ ರ‍್ಯಾಕ್ ಸ್ಟೇರಿಂಗ್. 2023ರಲ್ಲಿ ಬಂದ ಜಿಮ್ನಿಯಲ್ಲಿ ಮತ್ತೆ ಅಖಂಡ ಆಕ್ಸಲ್, ಕಾಯಿಲ್ ಸ್ಪ್ರಿಂಗ್, ಆಕ್ಸಲ್ ಅಡ್ಡಡ್ಡ ಜಾರದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್.

ಮೊಬೈಲಿನಲ್ಲಿ ನೋಡುವ ಅಮೆರಿಕದ ವಿಡಿಯೋಗಳು ಬಹುಪಾಲು ರ‍್ಯಾಂಗ್ಲರ್ ಜೀಪಿನವು. ರ‍್ಯಾಂಗ್ಲರ್‌ನದು ಅಖಂಡ ಆಕ್ಸಲ್. ಥಾರ್ ಹೊರಗಿನಿಂದ ಅದರ ತಮ್ಮನಂತೆ ಕಂಡರೂ ಬಾನೆಟ್ಟಿನ ಕೆಳಗೆ ಬೇರೆ ಮನೆತನ. ಅಲ್ಲಿ ಹೇಳಿದ ಮದ್ದನ್ನು ಇಲ್ಲಿ ಹಚ್ಚಲು ಹೋದರೆ ದುಡ್ಡು ದಂಡ.

2. ಎತ್ತರಕ್ಕೆ ಎರಡು ಇಂಚಿನ ಗೆರೆ ಹಾಕಿಕೊಳ್ಳಿ

ಅಖಂಡ ಆಕ್ಸಲ್ ಗಾಡಿಯಲ್ಲಿ ಲಿಫ್ಟ್ ಕಿಟ್ ಹಾಕಿದರೆ ಏರುವುದು ಬಾಡಿ ಮಾತ್ರ. ಆಕ್ಸಲ್ಲಿನ ಗುಂಡು ನೆಲದಿಂದ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತದೆ. ಅದನ್ನು ಎತ್ತುವುದು ಟೈರು ಮಾತ್ರ, ಅದೂ ವ್ಯಾಸ ಹೆಚ್ಚಿದ್ದರ ಅರ್ಧದಷ್ಟು. ಹೊಸ ಥಾರ್‌ಗೆ ಬರುವ 245/75 ಆರ್16 ಟೈರಿನ ಎತ್ತರ ಸುಮಾರು 774 ಮಿ.ಮೀ. ಅದರ ಜಾಗದಲ್ಲಿ 33 ಇಂಚಿನದು ಕೂಡಿಸಿದರೆ 838 ಮಿ.ಮೀ. ಆಗುತ್ತದೆ. ನೆಲದಿಂದ ಸಿಕ್ಕ ಲಾಭ 32 ಮಿ.ಮೀ. ಈ 32 ಮಿ.ಮೀ.ಗಾಗಿ ಸ್ಟೇರಿಂಗ್, ಬ್ರೇಕ್, ಬೇರಿಂಗ್ ಎಲ್ಲದರ ಮೇಲೂ ಭಾರ ಹೇರುತ್ತಿದ್ದೀರಿ. ಸ್ಪೀಡೋಮೀಟರ್ ಸುಳ್ಳು ಹೇಳುವುದು ಬೇರೆ: ಮುಳ್ಳು 60 ತೋರಿಸುವಾಗ ಗಾಡಿ 65ರಲ್ಲಿ ಇರುತ್ತದೆ.

ಸವಣೂರಿನ ಎರೆ ಮಣ್ಣಿಗೆ ನನ್ನ ಕೇಳಿದರೆ, ಅಗಲದ ಟೈರಿಗಿಂತ ಅಂತರ ಬಿಟ್ಟ ಗಡ್ಡೆಗಳಿರುವ, ಕಂಪನಿ ಅಳತೆಯ ಮಡ್ ಟೈರೇ ಮೇಲು. ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ಮೆಲ್ಲಗೆ ಹೋದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಹೆದ್ದಾರಿಗೆ ಏರುವ ಮೊದಲು ಮತ್ತೆ ತುಂಬಿಸಲು ಒಂದು ಸಣ್ಣ ಪಂಪು ಗಾಡಿಯಲ್ಲಿರಲಿ.

3. ಕಾನೂನನ್ನು ಗ್ಯಾರೇಜಿಗೆ ಹೋಗುವ ಮೊದಲೇ ಓದಿ

ಮೋಟಾರು ವಾಹನ ಕಾಯ್ದೆ 1988ರ ಕಲಂ 52, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ ಕಲಂ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೆಎ-27 ನಂಬರಿನ ಗಾಡಿಯನ್ನು ದಿನಾ ರಸ್ತೆಯಲ್ಲಿ ಓಡಿಸುವವರು ಕಂಪನಿ ಅಳತೆಯಲ್ಲೇ ಇದ್ದು ಸ್ಟೇರಿಂಗ್ ಗಟ್ಟಿ ಮಾಡಿಕೊಳ್ಳುವುದು ಜಾಣತನ. ಗೋವಾದಲ್ಲಿ ನಡೆಯುವ ರೇನ್‌ಫಾರೆಸ್ಟ್ ಚಾಲೆಂಜ್‌ನಂಥ ಸ್ಪರ್ಧೆಗೆ ಎತ್ತಿದ ಗಾಡಿ ಬೇಕೆನ್ನುವವರು ಅದನ್ನು ಬೇರೆ ವಾಹನದ ಮೇಲೆ ಹೇರಿಕೊಂಡು ಹೋಗಲಿ. ಅಪಘಾತವಾದಾಗ ವಿಮೆಯವರು ಮೊದಲು ಕೆದಕುವುದೂ ಇಂಥ ಬದಲಾವಣೆಗಳನ್ನೇ.

4. ಹೊಸದು ಕೊಳ್ಳುವ ಮೊದಲು ಹಳೆಯದರ ಕೀಲು ಮುಟ್ಟಿ ನೋಡಿ

ಈ ಸೂತ್ರವೊಂದನ್ನು ಪಾಲಿಸಿದರೂ ಸಾಕು, ಉಳಿದವು ಅರ್ಧ ಸಲೀಸು.

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ. ಜಾಕ್ ಬೇಡ, ನಾಲ್ಕೂ ಗಾಲಿ ನೆಲದ ಮೇಲಿರಲಿ. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಗಿಯರ್ ನ್ಯೂಟ್ರಲ್‌ನಲ್ಲಿಡಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ. ಒಬ್ಬರು ಒಳಗೆ ಕುಳಿತು ಸ್ಟೇರಿಂಗನ್ನು ಗೇಣಷ್ಟು ಎಡಕ್ಕೆ, ಗೇಣಷ್ಟು ಬಲಕ್ಕೆ, ಬಿಡದೆ ಆಡಿಸುತ್ತಿರಲಿ. ನೀವು ಕೆಳಗೆ ಬಗ್ಗಿ ಸ್ಟೇರಿಂಗ್ ಬಾಕ್ಸಿನಿಂದ ಶುರುಮಾಡಿ ಗಾಲಿಯವರೆಗೆ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಬನ್ನಿ. ಬಾಕ್ಸಿನಿಂದ ಇಳಿಯುವ ಡ್ರಾಪ್ ಆರ್ಮ್, ಅದನ್ನು ಗಾಲಿಯ ಕಡೆಗೆ ಜೋಡಿಸುವ ಡ್ರ್ಯಾಗ್ ಲಿಂಕಿನ ಎರಡು ತುದಿ, ಎರಡೂ ಗಾಲಿಗಳನ್ನು ಜೋಡಿಸುವ ಟೈ ರಾಡಿನ ಎರಡು ತುದಿ. ಕೀಲಿನ ಒಂದು ಬದಿ ಸರಿದು, ಒಂದು ಕ್ಷಣ ತಡೆದು, ಆಮೇಲೆ ಇನ್ನೊಂದು ಬದಿ ಸರಿದರೆ ಆ ಕೀಲು ಸವೆದಿದೆ. ಕಣ್ಣಿಗಿಂತ ಬೆರಳಿಗೆ ಇದು ಬೇಗ ಗೊತ್ತಾಗುತ್ತದೆ. ಟಕ್ ಎನ್ನುವುದು ಚರ್ಮಕ್ಕೇ ತಾಕುತ್ತದೆ. ಬಾಕ್ಸನ್ನು ಚಾಸಿಸಿಗೆ ಹಿಡಿದ ಬೋಲ್ಟುಗಳನ್ನೂ ಮರೆಯಬೇಡಿ. ಬಾಕ್ಸೇ ಅಲುಗಾಡುತ್ತಿದ್ದರೆ, ಬೋಲ್ಟಿನ ಸುತ್ತ ಚಾಸಿಸಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ, ಬೇರೇನು ಬದಲಿಸಿದರೂ ವ್ಯರ್ಥ.

ಆಮೇಲೆ ಜಾಕ್ ಹಾಕಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಅಲುಗಿದರೆ ಗಾಲಿ ಬೇರಿಂಗ್ ಅಥವಾ ಕಿಂಗ್ ಪಿನ್, ಬಾಲ್ ಜಾಯಿಂಟ್ ಹೋಗಿದೆ. ಎಡಬಲ ಹಿಡಿದಾಗ ಅಲುಗಿದರೆ ಟೈ ರಾಡ್ ಎಂಡ್. ರಬ್ಬರ್ ಬೂಟು ಹರಿದಿದ್ದರೆ ಕೀಲು ಗಟ್ಟಿ ಇದ್ದರೂ ಬದಲಿಸಿ. ಒಂದು ಮಳೆಗಾಲ ರಾಡಿಯಲ್ಲಿ ಓಡಾಡಿದರೆ ಒಳಗೆ ಹೊಕ್ಕ ಮಣ್ಣು ಗ್ರೀಸಿನ ಜೊತೆ ಕಲೆತು ಉಕ್ಕನ್ನೇ ತೇಯುತ್ತದೆ.

5. ಬಾಕ್ಸಿನ ಸ್ಕ್ರೂ ತಿರುವಿಸಿಕೊಳ್ಳಬೇಡಿ

"ಪ್ಲೇ ಬಂದೈತ್ರಿ, ಬಾಕ್ಸ್ ಸ್ವಲ್ಪ ಟೈಟ್ ಮಾಡ್ತೀನಿ." ಗ್ಯಾರೇಜಿನಲ್ಲಿ ಈ ಮಾತು ಕೇಳಿದರೆ ತಡೆಯಿರಿ. ಐದು ನಿಮಿಷದ ಕೆಲಸ, ಪ್ಲೇ ಹೋದಂತೆಯೂ ಅನಿಸುತ್ತದೆ. ಆದರೆ ಸವೆದದ್ದು ಟೈ ರಾಡ್ ಎಂಡ್ ಆಗಿದ್ದರೆ ಅದು ಸವೆದೇ ಇರುತ್ತದೆ, ಮೇಲೆ ಬಾಕ್ಸಿನ ಹಲ್ಲುಗಳು ನಡುವಿನಲ್ಲಿ ಬಿಗಿದು ಸವೆಯತೊಡಗುತ್ತವೆ. ತಿರುವಿನಿಂದ ಹೊರಬಂದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳದಿದ್ದರೆ ಯಾರೋ ಈಗಾಗಲೇ ಆ ಸ್ಕ್ರೂ ಬಿಗಿದಿದ್ದಾರೆ ಎಂದು ಶಂಕಿಸಬಹುದು.

6. ಡ್ರ್ಯಾಗ್ ಲಿಂಕನ್ನು ಮತ್ತೆ ಅಡ್ಡಕ್ಕೆ ತನ್ನಿ

ಎತ್ತರಿಸಿದ ಜೀಪಿನ ಮುಖ್ಯ ರೋಗ ಇದೇ. ಚಾಸಿಸ್ ಮೇಲೇರಿತು, ಅದಕ್ಕೆ ಅಂಟಿದ ಬಾಕ್ಸೂ ಏರಿತು. ಆಕ್ಸಲ್ ಮಾತ್ರ ಕೆಳಗೇ ಉಳಿಯಿತು. ನಡುವಿನ ಡ್ರ್ಯಾಗ್ ಲಿಂಕ್ ಈಗ ಕಡಿದಾಗಿ ಇಳಿಯುತ್ತಿದೆ. ರಸ್ತೆಯುಬ್ಬು ಹತ್ತಿದಾಗ ಆಕ್ಸಲ್ ಮೇಲೇರುತ್ತದೆ, ಕಡಿದಾದ ಲಿಂಕ್ ಗಾಲಿಯನ್ನು ಪಕ್ಕಕ್ಕೆ ತಳ್ಳುತ್ತದೆ. ನೀವು ಸ್ಟೇರಿಂಗ್ ತಿರುಗಿಸಿಲ್ಲ, ಗಾಡಿ ಮಾತ್ರ ತಿರುಗಿತು. ಇಂಗ್ಲಿಷಿನವರು ಬಂಪ್ ಸ್ಟಿಯರ್ ಎನ್ನುವುದು ಇದನ್ನೇ.

ಸರಿಮಾಡಲು ಎರಡು ದಾರಿ. ಉದ್ದನೆಯ ಡ್ರಾಪ್ ಆರ್ಮ್ ಹಾಕಿ ಲಿಂಕಿನ ಮೇಲಿನ ತುದಿಯನ್ನು ಕೆಳಗೆ ತರುವುದು ಒಂದು. ಅಗ್ಗ, ಆದರೆ ಬಾಕ್ಸಿನ ಶಾಫ್ಟಿನ ಮೇಲೆ ಎಳೆತ ಹೆಚ್ಚುತ್ತದೆ. ಗಾಲಿ ತಿರುಗುವ ಗೆಣ್ಣಾದ ನಕಲ್ ಮೇಲೆ ಎತ್ತರದ ಆರ್ಮ್ ಕೂಡಿಸಿ ಲಿಂಕಿನ ಕೆಳತುದಿಯನ್ನು ಮೇಲಕ್ಕೆ ಒಯ್ಯುವುದು ಇನ್ನೊಂದು. ದುಬಾರಿ, ಆದರೆ ಹಿರೇಕೆರೂರಿನ ಕಲ್ಲು ದಾರಿಯಲ್ಲಿ ಲಿಂಕ್ ಕಲ್ಲಿಗೆ ಬಡಿಯದಷ್ಟು ಮೇಲೆ ಸೇರಿಕೊಳ್ಳುತ್ತದೆ. ದುಡ್ಡಿದ್ದರೆ ನನ್ನ ಮತ ಎರಡನೆಯದಕ್ಕೆ. ಎರಡು ಇಂಚಿನೊಳಗೇ ಇದ್ದರೆ ಬಹಳ ಸಲ ಎರಡೂ ಬೇಕಾಗುವುದಿಲ್ಲ.

ಜಿಮ್ನಿಯವರು ಇನ್ನೊಂದನ್ನು ನೋಡಬೇಕು. ಡ್ರ್ಯಾಗ್ ಲಿಂಕ್, ಪ್ಯಾನ್‌ಹಾರ್ಡ್ ರಾಡ್ ಎರಡೂ ಒಂದೇ ನೊಗದ ಜೋಡೆತ್ತು. ಒಂದೇ ಓರೆಯಲ್ಲಿ, ಸರಿಸುಮಾರು ಒಂದೇ ಉದ್ದದಲ್ಲಿ ನಡೆದರೆ ಮಾತ್ರ ಗಾಡಿ ನೇರ. ಎತ್ತರಿಸಿದ ಮೇಲೆ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆದಿರುತ್ತದೆ, ಉದ್ದ ಹೊಂದಿಸಬಹುದಾದ ರಾಡ್ ಹಾಕಿ ನಡುವಿಗೆ ತನ್ನಿ. ಒಂದರ ಓರೆ ತಿದ್ದಿ ಇನ್ನೊಂದನ್ನು ಹಾಗೇ ಬಿಟ್ಟರೆ ಮೊದಲಿಗಿಂತ ಕೆಟ್ಟಿತು.

7. ಥಾರ್‌ನಲ್ಲಿ ಬೋಲ್ಟ್ ತಿರುವಿ ಎತ್ತರ ಗಳಿಸಬೇಡಿ

ಸಿಆರ್‌ಡಿಇ ಥಾರ್‌ನ ಟಾರ್ಷನ್ ಬಾರ್ ಬೋಲ್ಟ್ ಬಿಗಿದರೆ ಮೂಗು ಮೇಲೇಳುತ್ತದೆ, ಖರ್ಚು ಸೊನ್ನೆ. ಆದರೆ ಗಾಲಿ ಕೆಳಗಿಳಿಯಲು ಇದ್ದ ಜಾಗ ಅಷ್ಟೂ ತಿಂದುಹೋಗುತ್ತದೆ. ಗುಂಡಿ ಬಂದಾಗ ಗಾಲಿ ಗಾಳಿಯಲ್ಲಿ ತೂಗುತ್ತದೆ, ಮೇಲಿನ ಆರ್ಮ್ ತಡೆಗೆ ಬಡಿಯುತ್ತದೆ, ರ‍್ಯಾಕಿನಿಂದ ಗಾಲಿಗೆ ಹೋಗುವ ಟೈ ರಾಡ್ ಓರೆಯಾಗಿ ಅದರ ಒಳಕೀಲು ಬೇಗ ಸವೆಯುತ್ತದೆ. ಹೊಸ ಥಾರ್‌ಗೆ ಉದ್ದನೆಯ ಸ್ಪ್ರಿಂಗ್ ಅಥವಾ ಸ್ಪೇಸರ್ ಹಾಕಿದರೂ ಟೈ ರಾಡ್, ಡ್ರೈವ್ ಶಾಫ್ಟ್ ಎರಡೂ ಓರೆಯಾಗುತ್ತವೆ. ಎತ್ತರಿಸಿದ ಮೇಲೆ ಟೋ, ಅಂದರೆ ಮುಂಗಾಲಿಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿದ ಅಳತೆ, ತಪ್ಪಿರುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಹೊಸ ಟೈರಿನ ಒಂದು ಅಂಚು ಕೆಲವೇ ವಾರದಲ್ಲಿ ಬೋಳಾದೀತು.

8. ಕ್ಯಾಸ್ಟರ್ ಕಳೆದುಕೊಳ್ಳಬೇಡಿ

ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದೂ ಕೈಬಿಟ್ಟಾಗ ಅದು ನೇರ ಹೋಗಲು ಒಂದು ಕಾರಣ. ಗಾಡಿಯ ಗಾಲಿ ತಿರುಗುವ ಅಕ್ಷಕ್ಕೂ ಅಂಥ ವಾಲು ಇದೆ, ಅದೇ ಕ್ಯಾಸ್ಟರ್. ಹಳೆಯ ಜೀಪಿನ ಮುಂದಿನ ಪ್ಲೇಟಿಗೆ ಉದ್ದನೆಯ ಶ್ಯಾಕಲ್ ಹಾಕಿ ಎತ್ತರಿಸಿದರೆ ಆಕ್ಸಲ್ ಮುಂದಕ್ಕೆ ಮಗುಚಿ ಈ ವಾಲು ಕಡಿಮೆಯಾಗುತ್ತದೆ. ಆಗ ಹೆದ್ದಾರಿಯಲ್ಲಿ ಗಾಡಿ ಕುಡಿದವನಂತೆ ಅತ್ತಿತ್ತ ಹೋಗುತ್ತದೆ, ಕೈ ಬಿಡುವಂತಿಲ್ಲ. ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ ಉಕ್ಕಿನ ಬೆಣೆ ಕೊಟ್ಟು ವಾಲನ್ನು ಮರಳಿ ತರಬಹುದು. ಅಲ್ಯೂಮಿನಿಯಂ ಬೆಣೆ ಬೇಡ, ಒತ್ತಡಕ್ಕೆ ಒಡೆಯುತ್ತದೆ. ಅತಿಯಾಗಿ ವಾಲಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಒದ್ದಾಡುತ್ತದೆ, ಹದ ನೋಡಿ.

9. ಡ್ಯಾಂಪರ್ ಕೊನೆಗೆ ಹಾಕಿಸಿ

ಅಖಂಡ ಆಕ್ಸಲ್ ಗಾಡಿ 60, 70ರ ವೇಗದಲ್ಲಿ ಒಂದು ಗುಂಡಿ ಬಡಿದೊಡನೆ ಸ್ಟೇರಿಂಗ್ ಗಡಗಡ ನಡುಗತೊಡಗಿ, ವೇಗ ಇಳಿಸುವವರೆಗೂ ನಿಲ್ಲದಿದ್ದರೆ ಅಂಗಡಿಯವರು ಮೊದಲು ತೋರಿಸುವುದು ಹೊಳೆಯುವ ಸ್ಟೇರಿಂಗ್ ಡ್ಯಾಂಪರನ್ನು. ಹಾಕಿದರೆ ನಡುಕ ಕೆಲ ದಿನ ಅಡಗುತ್ತದೆ. ಸವೆದ ಕೀಲು, ಸಡಿಲ ಬೋಲ್ಟು, ಕ್ಯಾಸ್ಟರ್ ಕೊರತೆ, ಟೈರಿನ ಅಸಮತೋಲ ಹಾಗೇ ಉಳಿದು ಒಳಗೊಳಗೇ ಬಲಿಯುತ್ತವೆ. ಡ್ಯಾಂಪರ್ ಬಿಚ್ಚಿಟ್ಟು ಓಡಿಸಿದರೂ ನಡುಗದ ಗಾಡಿಗೆ ಮಾತ್ರ ಡ್ಯಾಂಪರ್ ಒಪ್ಪುತ್ತದೆ.

ಓಡುವಾಗ ನಡುಕ ಶುರುವಾದರೆ ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ. ಸ್ಟೇರಿಂಗ್ ಬಿಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಮೆಲ್ಲಗೆ ಎಡಕ್ಕೆ ತನ್ನಿ.

10. ರಿಮ್ಮನ್ನು ಹೊರಕ್ಕೆ ತಳ್ಳಬೇಡಿ

ಗಾಲಿ ಬಾಡಿಯಿಂದ ಹೊರಗೆ ಚಾಚಿದರೆ ಗತ್ತು ಕಾಣುತ್ತದೆ, ನಿಜ. ಆದರೆ ಗಾಲಿ ತಿರುಗುವ ಅಕ್ಷಕ್ಕೂ ಟೈರಿನ ನಡುವಿಗೂ ಅಂತರ ಹೆಚ್ಚಿದಷ್ಟೂ ಕಲ್ಲು ಬಡಿದ ಏಟು ಉದ್ದ ಸನ್ನೆಕೋಲಿನಂತೆ ಸ್ಟೇರಿಂಗಿಗೆ ಬರುತ್ತದೆ. ನಿಂತಲ್ಲೇ ತಿರುಗಿಸಲು ಕಷ್ಟ, ಬೇರಿಂಗಿಗೂ ಆಯುಷ್ಯ ಕಮ್ಮಿ. ಸ್ಪೇಸರ್ ಅಂತೂ ಬೇಡವೇ ಬೇಡ. ಹೊಸ ರಿಮ್ಮಿನ ಆಫ್‌ಸೆಟ್ ಹಳೆಯದಕ್ಕೆ ಆದಷ್ಟು ಹತ್ತಿರವಿರಲಿ.

11. ಪವರ್ ಸ್ಟೇರಿಂಗನ್ನು ಕೊನೆಗೆ ಒತ್ತಿ ಹಿಡಿಯಬೇಡಿ

ಗದ್ದೆಯ ರಾಡಿಯಲ್ಲಿ ಹೂತ ಗಾಲಿಯನ್ನು ಬಿಡಿಸಲು ಸ್ಟೇರಿಂಗನ್ನು ಒಂದು ತುದಿಗೆ ತಿರುವಿ ಹಾಗೇ ಹಿಡಿದು ಎಂಜಿನ್ ಮೊರೆಯಿಸುವವರನ್ನು ನೋಡಿದ್ದೇನೆ. ಆ ಹೊತ್ತಿನಲ್ಲಿ ಪಂಪಿನ ಒತ್ತಡ ತುತ್ತತುದಿಗೆ ಏರಿ ಎಣ್ಣೆ ಕುದಿಯುತ್ತದೆ, ಸೀಲು ಸೋರುತ್ತದೆ. ತುದಿ ಮುಟ್ಟಿದರೆ ಚೂರು ಹಿಂದಕ್ಕೆ ಬಿಡಿ. ಗಾಲಿ ಒಂದಿಷ್ಟು ಉರುಳುವಾಗಲೇ ತಿರುಗಿಸಿ. ಎಣ್ಣೆ ಸುಟ್ಟ ವಾಸನೆ ಬರುತ್ತಿದ್ದರೆ ಬದಲಿಸಿ. ದೊಡ್ಡ ಟೈರಿನವರು ಚಿಕ್ಕದೊಂದು ಆಯಿಲ್ ಕೂಲರ್ ಹಾಕಿಸಿದರೆ ಒಳ್ಳೆಯದು.

ಹಳೆಯ ಎಂಎಂ 540ಗೆ ಗುಜರಿಯಿಂದ ಪವರ್ ಸ್ಟೇರಿಂಗ್ ಬಾಕ್ಸ್ ತಂದು ಕೂಡಿಸುವವರು ಬಾಕ್ಸ್ ಕೂರುವ ಜಾಗಕ್ಕೆ ದಪ್ಪ ಪ್ಲೇಟಿನ ಬಲ ಕೊಡಲೇಬೇಕು. ಕೈಬಲಕ್ಕೆಂದು ಮಾಡಿದ ಬ್ರಾಕೆಟ್ ಪಂಪಿನ ಬಲಕ್ಕೆ ತಡೆಯುವುದಿಲ್ಲ. ಮೂರನೆಯ ಸೂತ್ರದ ಕಾನೂನಿನ ಪ್ರಶ್ನೆ ಇಲ್ಲೂ ಇದೆ.

12. ಸ್ಟೇರಿಂಗ್ ಭಾಗಕ್ಕೆ ವೆಲ್ಡಿಂಗ್ ಬೇಡ, ಬೆಂಕಿ ಬೇಡ

ನಮ್ಮ ಕಡೆ ನೇಗಿಲು, ಟ್ರೇಲರ್, ಗೇಟು ಎಲ್ಲ ಸರಿಹೋಗುವುದು ವೆಲ್ಡಿಂಗ್ ಅಂಗಡಿಯಲ್ಲೇ. ಟೈ ರಾಡ್, ಡ್ರಾಪ್ ಆರ್ಮ್, ನಕಲ್ ಮಾತ್ರ ಅಲ್ಲಿಗೆ ಹೋಗಬಾರದು. ಹದಗೊಳಿಸಿದ ಉಕ್ಕನ್ನು ಕಾಯಿಸಿ ಬಗ್ಗಿಸಿದರೆ ಹದ ಹೋಗುತ್ತದೆ. ವೆಲ್ಡ್ ಮಾಡಿದರೆ ಅದರ ಪಕ್ಕದ ಜಾಗವೇ ಪೆಡಸಾಗಿ ಒಂದು ದಿನ ತಾನಾಗಿ ಮುರಿಯುತ್ತದೆ. ಮಣಿದ ಟೈ ರಾಡನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿದ್ದರೂ ಅದು ಹೊಲದಿಂದ ಊರಿಗೆ ಬರಲಷ್ಟೇ. ಬದಲಿಸುವಾಗ ಹೊಲಿಗೆಯಿಲ್ಲದ ದಪ್ಪ ಕೊಳವೆಯದು ಹಾಕಿಸಿ. ಈ ಪಟ್ಟಿಯಲ್ಲಿ ಮೊದಲು ದುಡ್ಡು ಹಾಕಬೇಕಾದದ್ದು ಇದಕ್ಕೇ.

ಕೀಲಿನ ನಟ್ ಬಿಗಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಕೂಡದಿದ್ದರೆ ಇನ್ನೂ ಚೂರು ಬಿಗಿಯಿರಿ, ಸಡಿಲಿಸಿ ಕೂಡಿಸಬೇಡಿ. ಹಳೆಯ ಪಿನ್ನು, ತಂತಿ, ಮೊಳೆ ಯಾವುದೂ ಆಗದು.

13. ಸ್ಟೇರಿಂಗ್ ಚಕ್ರ ಓರೆಯಾದರೆ ಚಕ್ರ ಬಿಚ್ಚಬೇಡಿ

ಎತ್ತರಿಸಿದ ಮೇಲೆ ನೇರ ಓಡುವಾಗಲೂ ಸ್ಟೇರಿಂಗ್ ಚಕ್ರ ಓರೆ ನಿಲ್ಲುತ್ತದೆ. ಚಕ್ರವನ್ನು ಬಿಚ್ಚಿ ನೇರಕ್ಕೆ ಕೂಡಿಸುವುದು ಸುಲಭ, ಆದರೆ ಒಳಗೆ ಬಾಕ್ಸ್ ಓರೆಯಲ್ಲೇ ಉಳಿಯುತ್ತದೆ: ಒಂದು ಕಡೆ ಹೆಚ್ಚು ತಿರುಗುತ್ತದೆ, ಇನ್ನೊಂದು ಕಡೆ ಕಮ್ಮಿ. ಮೊದಲು ಟೋ ಸರಿಮಾಡಿಸಿ, ಆಮೇಲೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ಚಕ್ರವನ್ನು ನಡುವಿಗೆ ತನ್ನಿ. ಜಿಮ್ನಿಯಲ್ಲೂ, ಜಾರುವಾಗ ತಾನೇ ಬ್ರೇಕ್ ಹಾಕುವ ಇಎಸ್‌ಪಿ ಇರುವ ಥಾರ್‌ನಲ್ಲೂ ಇದು ಅಂದದ ಮಾತಷ್ಟೇ ಆಗಿ ಉಳಿಯುವುದಿಲ್ಲ. ಚಕ್ರ ಓರೆಯಿದ್ದರೆ ನೀವು ತಿರುವಿನಲ್ಲಿದ್ದೀರಿ ಎಂದು ಗಾಡಿಯ ಕಂಪ್ಯೂಟರು ತಿಳಿಯುತ್ತದೆ, ಬೇಡದ ಹೊತ್ತಿನಲ್ಲಿ ಬ್ರೇಕ್ ಹಾಕೀತು. ಸರ್ವಿಸ್ ಸೆಂಟರಿನಲ್ಲಿ ಸ್ಟೇರಿಂಗ್ ಸೆನ್ಸರ್ ಸೊನ್ನೆಗೆ ತರಿಸಿ.

ಊರಲ್ಲಿ ಅಲೈನ್‌ಮೆಂಟ್ ಯಂತ್ರವಿಲ್ಲದಿದ್ದರೆ ಅಖಂಡ ಆಕ್ಸಲ್ ಗಾಡಿಗೆ ಸುಣ್ಣದ ಕಡ್ಡಿ, ಟೇಪು ಸಾಕು. ಮುಂಗಾಲಿ ಎತ್ತಿ ತಿರುಗಿಸುತ್ತ ಟೈರಿನ ನಡುವೆ ಗೆರೆ ಎಳೆಯಿರಿ. ಇಳಿಸಿ, ಗಾಡಿಯನ್ನು ಒಂದೆರಡು ಮಾರು ಮುಂದೆ ತಳ್ಳಿ, ಎರಡೂ ಗೆರೆಗಳ ಅಂತರವನ್ನು ಆಕ್ಸಲ್ ಮಟ್ಟದಲ್ಲಿ ಟೈರಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಅಳೆಯಿರಿ. ಮುಂದಿನದು ಎರಡು-ಮೂರು ಮಿ.ಮೀ. ಕಡಿಮೆಯಿದ್ದರೆ ಸಾಮಾನ್ಯವಾಗಿ ಸರಿ. ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಪ್ರಮಾಣ.

14. ಎರೆ ಮಣ್ಣು ತೊಳೆದ ಮೇಲೆಯೇ ಸ್ಟೇರಿಂಗನ್ನು ದೂರಿ

ಸವಣೂರು ಸೀಮೆಯ ಹೊಲದಿಂದ ಹೊರಬಂದ ಗಾಡಿ ಹೆದ್ದಾರಿಯಲ್ಲಿ ಹುಚ್ಚೆದ್ದು ನಡುಗಿದರೆ ಮೊದಲು ರಿಮ್ಮಿನ ಒಳಮೈ ನೋಡಿ. ಜಿಗುಟು ಮಣ್ಣು ಒಂದೇ ಬದಿಗೆ ಮೆತ್ತಿ, ಒಣಗಿ, ಸೇರುಗಟ್ಟಲೆ ಭಾರ ಕೂತಿರುತ್ತದೆ. ದೊಡ್ಡ ರಿಮ್ಮಿನಲ್ಲಿ ಅದಕ್ಕೆ ಜಾಗವೂ ಹೆಚ್ಚು. ಎಷ್ಟೋ ಜನ ಇದನ್ನು ತಿಳಿಯದೆ ಟೈ ರಾಡ್ ಎಂಡ್ ಬದಲಿಸುತ್ತಾರೆ. ಹೊರಗಿನಿಂದ ನೀರು ಹೊಡೆದರೆ ಇದು ಹೋಗದು. ಗಾಡಿಯ ಕೆಳಗೆ ಬಗ್ಗಿ ಒಳಗಿನಿಂದ ಕೆರೆದು ತೆಗೆಯಬೇಕು. ಹಾಗೆ ಬಗ್ಗಿದಾಗಲೇ ಬೂಟುಗಳನ್ನೂ ಸ್ಪ್ಲಿಟ್ ಪಿನ್ನುಗಳನ್ನೂ ಒಮ್ಮೆ ಕಣ್ಣಾಡಿಸಿ ನೋಡಿದರೆ ತಪಾಸಣೆಯೂ ಆಯಿತು.

ಹೊಸ ಭಾಗ ಹಾಕಿಸಿದವರು ಮೊದಲ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎಲ್ಲ ನಟ್ಟುಗಳನ್ನೂ ಯು ಬೋಲ್ಟುಗಳನ್ನೂ ಮತ್ತೆ ಬಿಗಿಸಿ. ವರದಾ ನದಿ ತುಂಬಿ ಹರಿಯುವ ದಿನಗಳಲ್ಲಿ ಹಾನಗಲ್ ಕಡೆ ಹೋಗುವವರ ಡಬ್ಬದಲ್ಲಿ ಒಂದು ಜೊತೆ ಟೈ ರಾಡ್ ಎಂಡ್, ನಾಲ್ಕು ಸ್ಪ್ಲಿಟ್ ಪಿನ್, ಒಂದು ದೊಡ್ಡ ಸ್ಪ್ಯಾನರ್ ಇರಲಿ. ಟ್ರ್ಯಾಕ್ಟರ್ ಬಿಡಿಭಾಗ ಎಲ್ಲ ಊರಲ್ಲೂ ಸಿಗುತ್ತದೆ. ನಿಮ್ಮ ಗಾಡಿಯದಕ್ಕೆ ಹುಬ್ಬಳ್ಳಿಗೇ ಹೇಳಿಕಳಿಸಬೇಕಾಗಬಹುದು.